ಲಾಂಛನದಲ್ಲೂ ಆನೆ, ಹೊಲದಲ್ಲೂ ಆನೆ

ಬದನಗುಪ್ಪೆಯವರು ಮಕ್ಕಳ ಕಾಲೇಜು ಪ್ರವೇಶಕ್ಕೆಂದು ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ ತಂದರೆ, ಆ ಹಾಳೆಯ ನೆತ್ತಿಯಲ್ಲಿ ಎರಡು ತಲೆಯ ಹಕ್ಕಿಯ ಮುದ್ರೆ ಇರುತ್ತದೆ. ಅದರ ಎಡಬಲಕ್ಕೆ ಸೊಂಡಿಲುಳ್ಳ ಸಿಂಹಗಳು. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ಕವಲಂದೆ ದಾಟಿದ ಮೇಲೆ ಸಿಗುವ ಈ ಊರು ಈಚೆಗೆ ಕೈಗಾರಿಕಾ ಪ್ರದೇಶದ ಹೆಸರಿನಲ್ಲಿ ಹೆಚ್ಚು ಪರಿಚಿತ. ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಜೋಪಾನ ಮಾಡುವವರು ಮನೆಮನೆಯಲ್ಲೂ ಇದ್ದಾರೆ. ಆ ಮುದ್ರೆಯನ್ನು ಕಣ್ಣಿಟ್ಟು ನೋಡುವವರು ಕಡಿಮೆ. ನೋಡಿದರೆ ಸಾವಿರ ವರ್ಷದ ಕತೆ ಬಿಚ್ಚಿಕೊಳ್ಳುತ್ತದೆ.

ಕರ್ನಾಟಕಕ್ಕೆ ಲಾಂಛನದ ಜೊತೆಗೆ ಇನ್ನೂ ಹಲವು ಗುರುತುಗಳಿವೆ. ರಾಜ್ಯ ಪ್ರಾಣಿ ಆನೆ, ರಾಜ್ಯ ವೃಕ್ಷ ಶ್ರೀಗಂಧ, ರಾಜ್ಯ ಪಕ್ಷಿ ನೀಲಕಂಠ, ರಾಜ್ಯ ಪುಷ್ಪ ಕಮಲ, ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ರಾಜ್ಯ ಮೀನು ಕರ್ನಾಟಿಕ್ ಕಾರ್ಪ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಇದು ಬಾಯಿಪಾಠ. ಇಷ್ಟೂ ಜೀವಗಳು ಒಂದೇ ಜಿಲ್ಲೆಯ ಗಡಿಯೊಳಗೆ ಸಿಗುವ ಜಾಗ ಹುಡುಕುತ್ತ ಹೊರಟರೆ ಬಹುಬೇಗ ಚಾಮರಾಜನಗರಕ್ಕೆ ಬಂದು ನಿಲ್ಲುತ್ತೇವೆ. ಜಿಲ್ಲೆಯ ಸುಮಾರು ಅರ್ಧ ಭಾಗ ಕಾಡು. ಮೈಸೂರು ಜಿಲ್ಲೆಗೂ ಚಾಚಿಕೊಂಡ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎಂಬ ಎರಡು ಹುಲಿ ಸಂರಕ್ಷಿತ ಪ್ರದೇಶಗಳು, ಮಲೆಮಹದೇಶ್ವರ ಹಾಗೂ ಕಾವೇರಿ ವನ್ಯಜೀವಿ ಧಾಮಗಳು ಇಲ್ಲಿ ಒಂದಕ್ಕೊಂದು ತಾಗಿಕೊಂಡಂತೆ ಹರಡಿವೆ. ನಾಡಿನ ಹೆಮ್ಮೆಯ ಪಟ್ಟಿ ಬೆಂಗಳೂರಿನಲ್ಲಿ ತಯಾರಾಯಿತು, ಅದರ ಹೊರೆಯನ್ನು ಹೊತ್ತವರು ಮಾತ್ರ ಈ ಗಡಿ ಜಿಲ್ಲೆಯಂಥ ಕಡೆಗಳ ಜನ.

ಮೊದಲು ಲಾಂಛನ. ಕೆಂಪು ಗುರಾಣಿ, ಅದಕ್ಕೆ ನೀಲಿ ಅಂಚು, ನಡುವೆ ಬಿಳಿಯ ಗಂಡಭೇರುಂಡ. ಗುರಾಣಿಯ ಮೇಲೆ ಸಾರನಾಥದ ಅಶೋಕಸ್ತಂಭದ ಸಿಂಹಗಳು. ಎರಡೂ ಬದಿಗೆ ಕೆಂಪು ಕೇಸರದ ಹಳದಿ ಮೈಯ ಶರಭಗಳು, ಅಂದರೆ ಆನೆಯ ತಲೆ ಹೊತ್ತ ಸಿಂಹಗಳು. ಅವುಗಳ ಕಾಲಡಿ ಹಸಿರು ಎಲೆಗಳು, ಅದರ ಕೆಳಗೆ ದೇವನಾಗರಿಯಲ್ಲಿ 'ಸತ್ಯಮೇವ ಜಯತೇ'. ಮೈಸೂರು ಅರಸರ ಮುದ್ರೆಯನ್ನೇ ಆಧಾರವಾಗಿ ಇಟ್ಟುಕೊಂಡು, ತಲೆಯ ಮೇಲೆ ಭಾರತದ ಸಿಂಹಗಳನ್ನು ಕೂರಿಸಿ ಮಾಡಿದ ಚಿತ್ರ ಇದು. ಮೈಸೂರು ವಿಶ್ವವಿದ್ಯಾನಿಲಯದ ಲಾಂಛನದಲ್ಲೂ ಗಂಡಭೇರುಂಡವಿದೆ. ಕೆಎಸ್‌ಆರ್‌ಟಿಸಿ ಬಸ್ಸಿನ ಮೈಮೇಲೂ ಅದೇ ಹಕ್ಕಿ.

ಚಾಮರಾಜನಗರಕ್ಕೂ ಈ ಮುದ್ರೆಗೂ ರಕ್ತಸಂಬಂಧವಿದೆ ಎನ್ನಬಹುದು. ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಇಲ್ಲೇ. ಮಗ ತಂದೆಯ ನೆನಪಿಗೆ ಊರಿಗೆ ಅವರ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಜನನ ಮಂಟಪ ಈಗಲೂ ಊರಲ್ಲಿದೆ. ಅರಸೊತ್ತಿಗೆಯ ಮುದ್ರೆ ಪ್ರಜಾರಾಜ್ಯದ ಮುದ್ರೆಯಾದಾಗ ಈ ಊರಿನ ಮನೆತನದ ಚಿಹ್ನೆಯೇ ಬೀದರಿನಿಂದ ಕೊಳ್ಳೇಗಾಲದವರೆಗಿನ ಎಲ್ಲರ ಚಿಹ್ನೆಯಾಯಿತು.

ಇದರ ಬಗ್ಗೆ ತಕರಾರು ಎತ್ತುವವರೂ ಇದ್ದಾರೆ. 1956ರ ನವೆಂಬರ್ 1ರಂದು ಮುಂಬೈ, ಹೈದರಾಬಾದ್ ಪ್ರಾಂತ್ಯಗಳ ಕನ್ನಡ ಜಿಲ್ಲೆಗಳೂ ಸೇರಿ ಒಂದಾದ ರಾಜ್ಯಕ್ಕೆ ಮೈಸೂರು ಅರಸರ ಗುರುತೇ ಏಕೆ ಎಂಬುದು ಅವರ ಪ್ರಶ್ನೆ. ಮೈಸೂರು ಎಂಬ ಹೆಸರನ್ನು 1973ರ ನವೆಂಬರ್ 1ರಂದು ಬಿಟ್ಟು 'ಕರ್ನಾಟಕ' ಎಂದು ಕರೆದುಕೊಂಡೆವು, ಮುದ್ರೆ ಉಳಿಯಿತು. ಆದರೆ ಗಂಡಭೇರುಂಡ ಮೈಸೂರಿನ ಸ್ವತ್ತಷ್ಟೇ ಆಗಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಚಾಮುಂಡರಾಯರಸ 1047ರಲ್ಲೇ ಗಂಡಭೇರುಂಡ ಸ್ತಂಭ ನಿಲ್ಲಿಸಿದ್ದ. ಒಡೆಯರ ಸಂಸ್ಥಾನ ಕಣ್ಣುಬಿಡುವ ಮೂರೂವರೆ ಶತಮಾನ ಮೊದಲಿನ ಮಾತು ಇದು. ವಿಜಯನಗರದ ಅಚ್ಯುತರಾಯ ತನ್ನ ಚಿನ್ನದ ನಾಣ್ಯಗಳ ಮೇಲೆ ಈ ಹಕ್ಕಿಯನ್ನು ಟಂಕಿಸಿದ. ಅಲ್ಲಿ ಅದರ ಕೊಕ್ಕುಗಳಲ್ಲೂ ಉಗುರುಗಳಲ್ಲೂ ಆನೆಗಳು ನೇತಾಡುತ್ತವೆ. ಕೆಳದಿಯ ರಾಮೇಶ್ವರ ದೇವಾಲಯದ ಚಾವಣಿಯಲ್ಲೂ ಅದು ಇದೆ. ಚಾಲುಕ್ಯರ ಕಾಲದ ಬನವಾಸಿ ಸೀಮೆ, ತುಂಗಭದ್ರೆಯ ದಡದ ವಿಜಯನಗರ, ಮಲೆನಾಡಿನ ಕೆಳದಿ, ಕಾವೇರಿ ಬಯಲಿನ ಮೈಸೂರು ಎಲ್ಲವನ್ನೂ ಹಾದುಬಂದ ಈ ಹಕ್ಕಿಗಿಂತ ಇಡೀ ನಾಡಿಗೆ ಒಪ್ಪುವ ಇನ್ನೊಂದು ಗುರುತನ್ನು ಹುಡುಕುವುದು ಕಷ್ಟ.

ಎರಡು ತಲೆಯ ಹದ್ದು ರಷ್ಯಾ, ಸರ್ಬಿಯಾ, ಅಲ್ಬೇನಿಯಾಗಳ ಲಾಂಛನದಲ್ಲೂ ಇದೆ. ರಷ್ಯಾದ ಹದ್ದು ಹಿಡಿದಿರುವುದು ರಾಜದಂಡವನ್ನು. ನಮ್ಮದು ಹಿಡಿಯುವುದು ಆನೆಯನ್ನು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಯೊಬ್ಬ ಒಂದು ಸರಪಳಿಯನ್ನೇ ಕಡೆದಿಟ್ಟಿದ್ದಾನೆ. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಎರಗಿದೆ, ಸಿಂಹವನ್ನು ಶರಭ ಹಿಡಿದಿದೆ, ಶರಭವನ್ನು ಗಂಡಭೇರುಂಡ ಕಚ್ಚಿದೆ. ಇಷ್ಟನ್ನೂ ಬೆರಗಿನಿಂದ ನೋಡುತ್ತ ಒಬ್ಬ ಋಷಿ ಪಕ್ಕದಲ್ಲಿದ್ದಾನೆ. ಹನ್ನೆರಡನೆಯ ಶತಮಾನದ ಆ ಕಲ್ಲಿನ ಸರಪಳಿಯ ಕೊನೆಯ ಎರಡು ಕೊಂಡಿಗಳೇ ಇಂದಿನ ರಾಜ್ಯ ಲಾಂಛನದಲ್ಲಿವೆ. ಸರಪಳಿಯ ನಡುವೆ ಇರುವ ಆನೆ ಮಾತ್ರ ಕಲ್ಪನೆಯದಲ್ಲ, ಅದು ಇವತ್ತು ರಾತ್ರಿಯೂ ಗುಂಡ್ಲುಪೇಟೆಯ ಯಾವುದೋ ಹೊಲದ ಅಂಚಿಗೆ ಬಂದು ನಿಲ್ಲಬಹುದು.

ದೇಶದಲ್ಲಿ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯ ಕರ್ನಾಟಕ. ಅರಣ್ಯ ಇಲಾಖೆಯ 2023ರ ಅಂದಾಜಿನಲ್ಲಿ ಸಿಕ್ಕ ಸಂಖ್ಯೆ 6,395. ಅದರಲ್ಲಿ ಬಂಡೀಪುರ ಒಂದರಲ್ಲೇ 1,116 ಆನೆಗಳಿದ್ದು ರಾಜ್ಯಕ್ಕೇ ಮೊದಲ ಸ್ಥಾನ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ತಲಾ 600ಕ್ಕೂ ಹೆಚ್ಚು. ಲದ್ದಿಯಿಂದ ಡಿಎನ್‌ಎ ತೆಗೆದು ಲೆಕ್ಕ ಹಾಕಿದ ರಾಷ್ಟ್ರಮಟ್ಟದ ಅಂದಾಜು 2025ರಲ್ಲಿ ಹೊರಬಂತು. ಲೆಕ್ಕದ ವಿಧಾನವೇ ಬೇರೆಯಾದ್ದರಿಂದ ರಾಜ್ಯದ ಸಂಖ್ಯೆ 6,013ಕ್ಕೆ ಬಂದರೂ ಕರ್ನಾಟಕದ ಸ್ಥಾನ ಮೊದಲನೆಯದೇ.

ಈ ಸೀಮೆಯ ಆನೆಗಳಿಗೆ ಚರಿತ್ರೆಯೂ ಉದ್ದವಿದೆ. ಮೈಸೂರು ಸಂಸ್ಥಾನದ ನೀರಾವರಿ ಕಾಲುವೆಗಳನ್ನು ನೋಡಿಕೊಳ್ಳಲು ಬಂದ ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1870ರ ದಶಕದಲ್ಲಿ ಚಾಮರಾಜನಗರದ ಕಾಡುಗಳಲ್ಲೇ ಖೆಡ್ಡಾ ಮಾಡಿ ಹಿಂಡುಹಿಂಡಾಗಿ ಆನೆ ಹಿಡಿದ. 1878ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ಆ ಅನುಭವಗಳೆಲ್ಲ ದಾಖಲಾಗಿವೆ. ಮುಂದೆ ಖೆಡ್ಡಾದ ಹೆಸರು ಕಾಕನಕೋಟೆಗೆ ಅಂಟಿಕೊಂಡಿತು, 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮೈಸೂರು ದಸರೆಯಲ್ಲಿ 750 ಕಿಲೋ ತೂಕದ ಅಂಬಾರಿಯ ಮುಂದೆ ಹಿಂದೆ ಹೆಜ್ಜೆ ಹಾಕುವ ಆನೆಗಳಲ್ಲಿ ಬಂಡೀಪುರದ ರಾಮಪುರ ಶಿಬಿರದವೂ, ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ ಶಿಬಿರದವೂ ಇದ್ದಿವೆ. ಮಾವುತ, ಕಾವಾಡಿಗಳಲ್ಲಿ ಬಹುಮಂದಿ ಕಾಡಿನ ಮಕ್ಕಳೇ.

ದಸರೆಯ ಆನೆಗೆ ಇಡೀ ನಾಡೇ ಕೈಮುಗಿಯುತ್ತದೆ. ಕಾಡಂಚಿನ ರೈತನಿಗೆ ಎದುರಾಗುವುದು ಬೇರೆ ಆನೆ. ಓಂಕಾರ, ಪುಣಜನೂರು, ಹೂಗ್ಯಂ ಕಡೆಯ ಊರುಗಳಲ್ಲಿ ಮುಸುಕಿನ ಜೋಳ ತೆನೆ ಕಟ್ಟಿದ ದಿನದಿಂದ ಕಟಾವಿನ ತನಕ ರಾತ್ರಿ ನಿದ್ದೆ ಇಲ್ಲ. ಹೊಲದ ನಡುವೆ ಮರದ ಮೇಲೋ ಕಂಬಗಳ ಮೇಲೋ ಅಟ್ಟಣೆ ಕಟ್ಟಿ, ಟಾರ್ಚು, ಪಟಾಕಿ, ತಗಡಿನ ಡಬ್ಬ ಇಟ್ಟುಕೊಂಡು ಗಂಡಸರು ಸರದಿಯಲ್ಲಿ ಕಾಯುತ್ತಾರೆ. ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಐದಾರು ಆನೆಗಳು ಒಂದು ರಾತ್ರಿ ಬಾಳೆ ತೋಟಕ್ಕೆ ನುಗ್ಗಿದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಬೆಳಿಗ್ಗೆ ಅರಣ್ಯ ಸಿಬ್ಬಂದಿ ಬಂದು ಮಹಜರು ಬರೆಯಬೇಕು, ಫೋಟೊ ತೆಗೆಯಬೇಕು, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಜೋಡಿಸಬೇಕು. ಜಮೀನು ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಪರಿಹಾರದ ಕಡತ ಅಲ್ಲಿಗೇ ನಿಂತಿತು.

ಆನೆಯನ್ನು ಕಾಡಿನೊಳಗೇ ಉಳಿಸಲು ಕಂದಕ ತೋಡಿದ್ದಾಯಿತು, ಸೋಲಾರ್ ತಂತಿ ಎಳೆದದ್ದಾಯಿತು, ಹಳೆಯ ರೈಲು ಕಂಬಿಗಳ ತಡೆಬೇಲಿ ನೆಟ್ಟದ್ದಾಯಿತು. ಕಂದಕದ ಮಣ್ಣು ಮಳೆಗೆ ಕುಸಿದರೆ ಆನೆ ಅದನ್ನೇ ದಾರಿ ಮಾಡಿಕೊಳ್ಳುತ್ತದೆ. ಕಂಬಿಯ ಬೇಲಿ ಗಟ್ಟಿ, ಖರ್ಚೂ ಅಷ್ಟೇ ದೊಡ್ಡದು. ನಿಜವಾಗಿ ಫಲ ಕೊಡುವುದು ಆನೆಗಳು ತಲೆತಲಾಂತರದಿಂದ ನಡೆದ ದಾರಿಯನ್ನು ಬಿಟ್ಟುಕೊಡುವುದು. ಬಿಳಿಗಿರಿರಂಗನ ಬೆಟ್ಟವನ್ನೂ ಮಲೆಮಹದೇಶ್ವರ ಬೆಟ್ಟದ ಕಾಡನ್ನೂ ಜೋಡಿಸುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಖಾಸಗಿ ಜಮೀನನ್ನು ಬೆಲೆ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಇಪ್ಪತ್ತೈದು ಎಕರೆ ದೊಡ್ಡ ವಿಸ್ತೀರ್ಣವಲ್ಲ. ಎರಡು ಕಾಡುಗಳ ನಡುವಿನ ಬಾಗಿಲು ತೆರೆದಿಡಲು ಅಷ್ಟು ಸಾಕಾಯಿತು.

ಗುಂಡ್ಲುಪೇಟೆಯಿಂದ ಕೇರಳಕ್ಕೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ ಇರುವುದೂ ಇದೇ ಪ್ರಾಣಿಗಳ ಸಲುವಾಗಿ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ತಂದ ಈ ನಿಷೇಧವನ್ನು ಹೈಕೋರ್ಟ್ 2010ರಲ್ಲಿ ಎತ್ತಿಹಿಡಿಯಿತು. ವಯನಾಡಿನ ಕಡೆಯಿಂದ ಒತ್ತಡ ಇಂದಿಗೂ ನಿಂತಿಲ್ಲ. ತರಕಾರಿ ಲಾರಿಗಳಿಗೆ, ದೂರದೂರಿನ ಬಸ್ಸುಗಳಿಗೆ ತೊಂದರೆ ಇರುವುದು ನಿಜ. ಆದರೂ ಈ ನಿಷೇಧ ಸಡಿಲಿಸಬಾರದು. ರಾತ್ರಿಯ ಒಂಬತ್ತು ಗಂಟೆಗಳನ್ನು ಕಾಡಿಗೆ ಬಿಟ್ಟುಕೊಟ್ಟ ತೀರ್ಮಾನ ಕರ್ನಾಟಕ ತನ್ನ ರಾಜ್ಯ ಪ್ರಾಣಿಗಾಗಿ ಮಾಡಿದ ಅತ್ಯಂತ ಪ್ರಾಮಾಣಿಕ ಕೆಲಸಗಳಲ್ಲಿ ಒಂದು.

ಕಾಡಿನೊಳಗೆ ಮೇವೇ ಇಲ್ಲದಿದ್ದರೆ ಬೇಲಿಗಳು ಎಷ್ಟಿದ್ದರೇನು? ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟಗಳಲ್ಲಿ ಲಂಟಾನ ಹಬ್ಬಿ ಹುಲ್ಲನ್ನೂ ಬಿದಿರನ್ನೂ ನುಂಗಿದೆ. ಇಲ್ಲಿನ ಬುಡಕಟ್ಟು ಜನರಾದ ಸೋಲಿಗರು ಈ ಕಳೆಯನ್ನೇ ಕಡಿದು, ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಮೇಜು ಮಾಡುವುದನ್ನು ಕಲಿತರು. ನೀಲಗಿರಿ ಸುತ್ತಿನ ಬೆಟ್ಟಕುರುಬ, ಪಣಿಯ, ಕಾಟ್ಟುನಾಯಕ, ಸೋಲಿಗ ಸಮುದಾಯದ ಕುಶಲಕರ್ಮಿಗಳು ಲಂಟಾನದ ಕಡ್ಡಿಗಳಲ್ಲೇ ನಿಜ ಗಾತ್ರದ ಆನೆಗಳನ್ನು ಹೆಣೆದರು. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ಸಾಲಾಗಿ ನಿಂತವು. ಆನೆಯ ಮೇವು ಕಸಿದ ಗಿಡದಿಂದಲೇ ಆನೆಯನ್ನು ಕಟ್ಟಿ ಜಗತ್ತಿಗೆ ತೋರಿಸಿದ ಆ ಕೈಗಳು ಹೆಚ್ಚಿನ ಗೌರವಕ್ಕೆ ಅರ್ಹ.

ಶ್ರೀಗಂಧದ ವಿಷಯಕ್ಕೆ ಬಂದರೆ ಈ ಜಿಲ್ಲೆಯ ನೆನಪು ಕಹಿಯಾಗಿದೆ.

ಗಂಧದ ಗಿಡ ತಾನೊಂದೇ ಬಾಳುವುದಿಲ್ಲ. ಅದರ ಬೇರುಗಳು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ನೀರು, ಸಾರ ಹೀರುತ್ತವೆ. ಸಸಿ ನೆಡುವ ರೈತರು ಅದಕ್ಕೇ ಜೊತೆಯಲ್ಲಿ ತೊಗರಿ ಬಿತ್ತುತ್ತಾರೆ, ಆಮೇಲೆ ಸರ್ವೆಯಂಥ ಮರ ಬೆಳೆಸುತ್ತಾರೆ. ಕಪ್ಪುನೇರಳೆ ಬಣ್ಣದ ಸಣ್ಣ ಹಣ್ಣನ್ನು ಕೋಗಿಲೆ, ಪಿಕಳಾರಗಳು ತಿಂದು ಬೀಜ ಬೀಳಿಸಿದ ಬೇಲಿಸಾಲಿನಲ್ಲೇ ಹೊಸ ಸಸಿ ಹುಟ್ಟುವುದು. ಮರದೊಳಗೆ ಪರಿಮಳದ ಚೇಗು ಕಟ್ಟಲು ಹತ್ತು ವರ್ಷಕ್ಕೂ ಹೆಚ್ಚು ಬೇಕು, ಚೆನ್ನಾಗಿ ಬಲಿಯಲು ಇನ್ನೂ ಹತ್ತಾರು ವರ್ಷ. ಮರದ ಬೆಲೆಯೆಲ್ಲ ಆ ಚೇಗಿನಲ್ಲೂ ಬೇರಿನಲ್ಲೂ ಇರುವುದರಿಂದ ಕಳ್ಳನಾದವನು ಬುಡಸಮೇತ ಅಗೆಯುತ್ತಾನೆ.

ಟಿಪ್ಪು ಸುಲ್ತಾನ 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. ಮರ ಯಾರ ಹೊಲದಲ್ಲೇ ಬೆಳೆಯಲಿ, ಒಡೆತನ ದೊರೆಯದು. ಒಡೆಯರ ಕಾಲದಲ್ಲೂ ಆಮೇಲೂ ಅದೇ ಕ್ರಮ ಮುಂದುವರಿಯಿತು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ರವಾನೆ ನಿಂತುಹೋದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯ ಎಣ್ಣೆಯನ್ನು ಇಲ್ಲೇ ತೆಗೆಯಲು ನಿರ್ಧರಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಭಟ್ಟಿ ಇಳಿಸುವ ವಿಧಾನ ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಶುರುವಾಯಿತು, 1918ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಆ ಸೋಪಿನ ಮೇಲಿನ ಗುರುತೂ ಶರಭವೇ. ರಾಜ್ಯ ಲಾಂಛನದಲ್ಲಿರುವ ಜೀವವೊಂದು ಹೀಗೆ ಪ್ರತಿ ಬಚ್ಚಲುಮನೆಗೂ ಬಂದಿದೆ.

ಒಡೆತನ ಸರ್ಕಾರದ್ದಾದ ಮರವನ್ನು ರೈತ ಸಾಕುವುದಾದರೂ ಏಕೆ? ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿಯನ್ನು, ಮುಂದೆ ಪೊಲೀಸು-ಫಾರೆಸ್ಟಿನ ಕಾಟ ಬೇಡವೆಂದು ಕಿತ್ತೆಸೆದವರು ಹಳೆ ಮೈಸೂರಿನ ಊರೂರಲ್ಲೂ ಇದ್ದರು. ಕಾಡಿನಲ್ಲಿ ಉಳಿದದ್ದಕ್ಕೆ ಕಳ್ಳರು ಬಿದ್ದರು. ಅವರಲ್ಲಿ ಹೆಸರಾದವನು ಇದೇ ಜಿಲ್ಲೆಯ ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್. ಆನೆಯ ದಂತದಿಂದ ಶುರುಮಾಡಿ ಗಂಧಕ್ಕೆ ಹೊರಳಿದ ಅವನು ರಾಜ್ಯದ ಎರಡು ಸಂಕೇತಗಳನ್ನೂ ಒಟ್ಟಿಗೆ ಕೊಂದವನು.

ಅವನ ಬಗ್ಗೆ ಸಿನಿಮಾಗಳೂ ಪುಸ್ತಕಗಳೂ ಬೇಕಾದಷ್ಟು ಬಂದವು. ಹೆಚ್ಚು ನೆನೆಯಬೇಕಾದವರು ಪಿ. ಶ್ರೀನಿವಾಸ್. ಆಂಧ್ರದ ರಾಜಮಹೇಂದ್ರಿಯವರಾದ ಈ ಅರಣ್ಯಾಧಿಕಾರಿ ಗೋಪಿನಾಥಂನಲ್ಲೇ ಉಳಿದು, ಊರವರಿಗೆ ಔಷಧ ಕೊಡಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿ, ಜನರನ್ನು ಕಳ್ಳಸಾಗಣೆಯಿಂದ ಬಿಡಿಸಲು ದುಡಿದರು. ಶರಣಾಗುತ್ತೇನೆಂಬ ವೀರಪ್ಪನ್‌ನ ಮಾತು ನಂಬಿ ನಿರಾಯುಧರಾಗಿ ಹೋದ ಅವರನ್ನು 1991ರ ನವೆಂಬರ್ 10ರಂದು ಅವನು ಕೊಂದ. ಸರ್ಕಾರ ಮರಣೋತ್ತರ ಕೀರ್ತಿಚಕ್ರ ನೀಡಿತು. ಗೋಪಿನಾಥಂನ ಜನ ಮಾರಿಯಮ್ಮನ ಗುಡಿಯಲ್ಲಿ ಅವರ ಭಾವಚಿತ್ರ ಇಟ್ಟು ಪೂಜಿಸುತ್ತಾರೆ. ರಾಜ್ಯ ವೃಕ್ಷ ಎಂಬ ಎರಡು ಪದಗಳ ಹಿಂದೆ ಇಂಥ ಜೀವಗಳ ಬೆಲೆಯಿದೆ.

1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ಗುಂಪು ಇಟ್ಟ ನೆಲಬಾಂಬು ಸಿಡಿದು 22 ಮಂದಿ ಸತ್ತರು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ತಾಳವಾಡಿ ಸೀಮೆಯ ದೊಡ್ಡಗಾಜನೂರಿನಿಂದ ಅವನು ಅಪಹರಿಸಿದಾಗ ನಾಡು 108 ದಿನ ಉಸಿರು ಬಿಗಿಹಿಡಿದಿತ್ತು. ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದರೂ ಜನರ ಮನೆಮಾತು ಕನ್ನಡ, ಸಂತೆ-ನೆಂಟಸ್ತನವೆಲ್ಲ ಚಾಮರಾಜನಗರದ ಕಡೆಗೆ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. ಅಷ್ಟರಲ್ಲಿ ಮಲೆಮಹದೇಶ್ವರ ಬೆಟ್ಟದ ಕಾಡಿನಲ್ಲಿ ದೊಡ್ಡ ಗಂಧದ ಮರಗಳು ಹುಡುಕಿದರೂ ಸಿಗದಂತಾಗಿದ್ದವು.

ಕಾನೂನು ಬದಲಾದದ್ದು 2001ರಲ್ಲಿ. ಆ ತಿದ್ದುಪಡಿ ಖಾಸಗಿ ಜಮೀನಿನ ಗಂಧದ ಮರವನ್ನು ಜಮೀನಿನ ಒಡೆಯನದೇ ಎಂದು ಒಪ್ಪಿತು. ಈಗ ಒಣಭೂಮಿಯ ರೈತರು ಗಂಧದ ತೋಟ ಮಾಡುತ್ತಿದ್ದಾರೆ. ಮರ ಬಲಿಯುವ ಹೊತ್ತಿಗೆ ಕಳ್ಳರ ಭಯ ಶುರುವಾಗುತ್ತದೆ, ತಂತಿಬೇಲಿ, ನಾಯಿ, ಸಿಸಿಟಿವಿ ಬೇಕಾಗುತ್ತದೆ. ಅತ್ತ ಪಶ್ಚಿಮ ಆಸ್ಟ್ರೇಲಿಯದ ಕುನುನುರಾದಲ್ಲಿ ಇದೇ ಶ್ರೀಗಂಧದ ವಿಶಾಲ ತೋಟಗಳು ಎದ್ದಿವೆ. ಹೊಲದ ಮರವನ್ನು ರೈತನಿಂದ ದೂರವಿಟ್ಟ ಇನ್ನೂರು ವರ್ಷದ ನೀತಿಯ ಫಲ ಇದು, ಬೇರೆ ಯಾರನ್ನೂ ದೂರುವ ಹಾಗಿಲ್ಲ.

ನೀಲಕಂಠವನ್ನು ನೋಡಲು ಸಫಾರಿ ಜೀಪು ಬೇಡ. ದಾಸಮಗ್ಗರೆ ಎಂದೂ ಕರೆಯುವ ಈ ಹಕ್ಕಿ ಬಯಲಿನದು. ಬದನಗುಪ್ಪೆ, ಕವಲಂದೆ ಕಡೆಯ ಹೊಲಗಳ ಅಂಚಿನ ವಿದ್ಯುತ್ ತಂತಿಯ ಮೇಲೆ ಮಂಕಾದ ಕಂದು ಹಕ್ಕಿಯೊಂದು ಕುಗ್ಗಿ ಕೂತಿದ್ದರೆ ಸ್ವಲ್ಪ ಹೊತ್ತು ಕಾಯಬೇಕು. ಮಿಡತೆ ಕಂಡೊಡನೆ ಅದು ಕೆಳಗೆ ಹಾರುತ್ತದೆ, ಆಗ ರೆಕ್ಕೆಯಲ್ಲಿ ತಿಳಿನೀಲಿ, ಕಡುನೀಲಿ ಪಟ್ಟಿಗಳು ಒಮ್ಮೆಲೇ ತೆರೆದುಕೊಳ್ಳುತ್ತವೆ. ಜೊತೆ ಹುಡುಕುವ ಕಾಲದಲ್ಲಿ ಗಂಡು ಎತ್ತರಕ್ಕೆ ಏರಿ, ಉರುಳಿ ಬೀಳುವಂತೆ ಗಿರಕಿ ಹೊಡೆಯುತ್ತದೆ. ಒಡಿಶಾ, ತೆಲಂಗಾಣಗಳ ರಾಜ್ಯ ಪಕ್ಷಿಯೂ ಇದೇ. ಉತ್ತರ ಭಾರತದಲ್ಲಿ ವಿಜಯದಶಮಿಯ ದಿನ ಇದನ್ನು ನೋಡಿದರೆ ಶುಭವೆಂಬ ನಂಬಿಕೆಯಿದೆ, ಅದನ್ನೇ ಬಂಡವಾಳ ಮಾಡಿಕೊಂಡು ಹಕ್ಕಿ ಹಿಡಿದು ತೋರಿಸಿ ಕಾಸು ಪಡೆಯುವವರೂ ಇದ್ದಾರೆ.

ಎಲ್ಲೆಲ್ಲೂ ಕಾಣುವ ಹಕ್ಕಿ, ಇದಕ್ಕೇನು ಕೊರತೆ ಎಂದುಕೊಳ್ಳುವಂತಿಲ್ಲ. ಸಾವಿರಾರು ಪಕ್ಷಿವೀಕ್ಷಕರ ದಾಖಲೆಗಳನ್ನು ಒಟ್ಟುಗೂಡಿಸಿದ 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ನೀಲಕಂಠದ ಸಂಖ್ಯೆ ಇಳಿಯುತ್ತಿದೆ ಎಂದು ಹೇಳಿ, ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದರ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕೆಂದು ಶಿಫಾರಸು ಮಾಡಿದೆ. ಬದುವಿನ ಹಳೆಯ ಮರ ಕಡಿದರೆ ಗೂಡಿಗೆ ಪೊಟರೆ ಇಲ್ಲ, ಹೊಲಕ್ಕೆ ವಿಷ ಸುರಿದರೆ ತಿನ್ನಲು ಹುಳ ಇಲ್ಲ. ರೈತನ ಶತ್ರುಗಳನ್ನು ತಿಂದು ಬದುಕುವ ಹಕ್ಕಿ ರೈತನ ಹೊಲದಿಂದಲೇ ಮರೆಯಾಗುತ್ತಿರುವುದು ಎಲ್ಲಕ್ಕಿಂತ ಹೆಚ್ಚು ಚಿಂತೆಯ ಸಂಗತಿ.

ಚಿಟ್ಟೆಗೆ ಸರ್ಕಾರಿ ಮಾನ್ಯತೆ ಸಿಕ್ಕಿದ್ದು ಈಚೆಗೆ. ಮಹಾರಾಷ್ಟ್ರ 2015ರಲ್ಲಿ ಬ್ಲೂ ಮಾರ್ಮನ್ ಅನ್ನು ಆರಿಸಿಕೊಂಡ ಬೆನ್ನಲ್ಲೇ ಕರ್ನಾಟಕವೂ ಯೋಚಿಸಿ, 2017ರಲ್ಲಿ ಸದರ್ನ್ ಬರ್ಡ್‌ವಿಂಗ್ ಅನ್ನು ರಾಜ್ಯ ಚಿಟ್ಟೆಯಾಗಿಸಿತು. ಕಪ್ಪು ಮುಂರೆಕ್ಕೆ, ಹಳದಿ ಹಿಂರೆಕ್ಕೆ, ಹತ್ತಿರದಿಂದ ನೋಡಿದರೆ ಕುತ್ತಿಗೆಯಲ್ಲಿ ಕೆಂಪು. 190 ಮಿಲಿಮೀಟರ್ ಅಗಲದ ಒಂದು ಮಾದರಿಯಿಂದಾಗಿ 1932ರಿಂದಲೂ ಭಾರತದ ಅತಿ ದೊಡ್ಡ ಚಿಟ್ಟೆ ಎಂಬ ದಾಖಲೆ ಇದರದ್ದಾಗಿತ್ತು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ 194 ಮಿಲಿಮೀಟರ್ ಅಳೆದು ಅದನ್ನು ಹಿಂದಿಕ್ಕಿತು. ಪಶ್ಚಿಮಘಟ್ಟದ ಈ ಚಿಟ್ಟೆ ಬಿಳಿಗಿರಿರಂಗನ ಬೆಟ್ಟದಲ್ಲೂ ಹಾರಾಡುತ್ತದೆ. ಅದರ ಮರಿಹುಳು ತಿನ್ನುವುದು ಈಶ್ವರಿ ಬಳ್ಳಿಯ ಜಾತಿಯ ಎಲೆಗಳನ್ನು. ಆ ಬಳ್ಳಿಯ ವಿಷವನ್ನು ಮೈಗೂಡಿಸಿಕೊಳ್ಳುವುದರಿಂದ ಹಕ್ಕಿಗಳಿಗೆ ಅದು ರುಚಿಸುವುದಿಲ್ಲ. ಬಳ್ಳಿ ನಾಟಿ ಔಷಧಿಗೂ ಬೇಕಾದದ್ದು. ಬೇಲಿಯ ಬಳ್ಳಿ ಉಳಿದರೆ ಚಿಟ್ಟೆಯೂ ಉಳಿದೀತು.

ಕಮಲ ರಾಷ್ಟ್ರದ ಹೂವೂ ಆಗಿರುವುದರಿಂದ ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಕೆರೆ ತುಂಬಿದರೆ ಅದು ತಾನೇ ಬರುತ್ತದೆ. ಕರ್ನಾಟಿಕ್ ಕಾರ್ಪ್ ಕಾವೇರಿ ಮತ್ತು ಅದರ ಉಪನದಿಗಳ ಮೀನು. ಬಂಡೀಪುರದ ಅಂಚಿನಲ್ಲಿ ಹರಿಯುವ ಮೋಯಾರ್ ನದಿಯಲ್ಲೂ ಇದೆ. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಹೊರಗಿನಿಂದ ತಂದು ಬಿಟ್ಟ ತಿಲಾಪಿಯಾ ನದಿಯನ್ನು ಆಕ್ರಮಿಸುವುದು ಈ ಮೀನಿಗೂ ಅದರ ನೆರೆಯ ಮಹಶೀರ್‌ಗೂ ಒಡ್ಡಿದ ಅಪಾಯ ದೊಡ್ಡದು. ರಾಜ್ಯಕ್ಕೊಂದು ಮೀನೂ ಇದೆ ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ, ಅದೇ ಅದರ ಮೊದಲ ಕಷ್ಟ.

ಜೀವವಿಲ್ಲದ ಸಂಕೇತಗಳಿಗೆ ಸಿಕ್ಕ ಆರೈಕೆ ಹೆಚ್ಚಿನದು. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' 2004ರ ಜನವರಿ 6ರಂದು ನಾಡಗೀತೆಯಾಯಿತು. ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರ ಸೆಪ್ಟೆಂಬರ್‌ನಲ್ಲಿ ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಆದೇಶ ಬಂತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ತಳ್ಳಿಹಾಕಿತು. ಮ. ರಾಮಮೂರ್ತಿ 1960ರ ದಶಕದಲ್ಲಿ ರೂಪಿಸಿದ ಹಳದಿ-ಕೆಂಪು ಬಾವುಟ ಯಾವ ಆದೇಶವೂ ಇಲ್ಲದೆ ಆಟೊ, ಲಾರಿ, ಊರಬಾಗಿಲುಗಳ ಮೇಲೆ ಹಾರುತ್ತ ಬಂದಿದೆ. 2018ರ ಮಾರ್ಚ್ 8ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಹಳದಿ-ಬಿಳಿ-ಕೆಂಪಿನ ನಡುವೆ ಗಂಡಭೇರುಂಡವಿರುವ ಬಾವುಟ ತೋರಿಸಿದರು. ಕೇಂದ್ರದ ಒಪ್ಪಿಗೆಗೆ ಹೋದ ಆ ಬಾವುಟಕ್ಕಿಂತ ಜನ ತಾವೇ ಹಾರಿಸಿದ ಹಳೆಯದೇ ಎಲ್ಲ ಕಡೆ ಕಾಣುತ್ತದೆ.

ಹಾಡಿನ ಸೆಕೆಂಡುಗಳಿಗೆ ಇಷ್ಟು ಕಾಳಜಿ ತೋರಿದ ರಾಜ್ಯ ಆನೆಯ ದಾರಿಗೂ ಅಷ್ಟೇ ಕಾಳಜಿ ತೋರಬೇಕಲ್ಲವೇ? ರಾಜ್ಯದ ಸಂಕೇತವಾದ ಮಾತ್ರಕ್ಕೆ ಯಾವ ಪ್ರಾಣಿಗೂ ರಕ್ಷಣೆ ಸಿಕ್ಕುವುದಿಲ್ಲ. ಆನೆಯನ್ನು ಕಾಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಗಂಧವನ್ನು ಕಾಯುವುದು ಅರಣ್ಯ ಕಾಯ್ದೆ. ಬೇರೆ ದೇಶಗಳಲ್ಲಿ ಇನ್ನೊಂದು ರೀತಿಯೂ ಇದೆ. ಕೆನಡಾದ ಪ್ರಾಂತ್ಯಗಳು ಹೂವು, ಹಕ್ಕಿ, ಮರಗಳನ್ನು ಶಾಸನದ ಮೂಲಕವೇ ಆರಿಸಿಕೊಳ್ಳುತ್ತವೆ. 1941ರಿಂದ ಸಸ್ಕಾಚೆವಾನ್ ಪ್ರಾಂತ್ಯದ ಹೂವಾಗಿರುವ ಕೆಂಪು ಲಿಲ್ಲಿಯನ್ನು ಕೀಳುವುದು, ಅಗೆಯುವುದು ಸಂಕೇತಗಳ ಕಾಯ್ದೆಯ ಪ್ರಕಾರವೇ ಅಪರಾಧ. ಕ್ವಿಬೆಕ್ ತಾನು 1963ರಲ್ಲಿ ಆರಿಸಿದ್ದ ಬಿಳಿ ಲಿಲ್ಲಿ ತನ್ನ ನೆಲದ್ದಲ್ಲ ಎಂಬ ಕಾರಣಕ್ಕೆ 1999ರಲ್ಲಿ ಅದನ್ನು ಬಿಟ್ಟು, ಅಲ್ಲೇ ಸಹಜವಾಗಿ ಬೆಳೆಯುವ ನೀಲಿ ಐರಿಸ್ ಅನ್ನು ತಂದಿತು. ಸಂಕೇತವನ್ನು ಆರಿಸಿ ಮರೆಯದೆ, ಅದರೊಂದಿಗಿನ ಸಂಬಂಧವನ್ನು ಆಗಾಗ ಪರೀಕ್ಷಿಸಿಕೊಳ್ಳುವ ಈ ಗುಣ ನಮಗೂ ಬೇಕು.

ಸಂಕೇತವಾದ ಮಾತ್ರಕ್ಕೆ ರಕ್ಷಣೆ ಸಿಗದು ಎಂಬುದಕ್ಕೆ ಸಾಕ್ಷಿ ಈ ಜಿಲ್ಲೆಯಲ್ಲೇ ಇದೆ. 2025ರ ಜೂನ್ 26ರಂದು ಮಲೆಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ರಾಷ್ಟ್ರಪ್ರಾಣಿಯ ಒಂದು ಸಂಸಾರವೇ ಒಂದು ದನ ಕಳೆದುಕೊಂಡ ಸಿಟ್ಟಿಗೆ ಬಲಿಯಾಯಿತು. ಆ ಕೃತ್ಯಕ್ಕೆ ಕ್ಷಮೆಯಿಲ್ಲ. ಜೊತೆಗೆ, ಕಾಡಂಚಿನ ಮನೆಯಲ್ಲಿ ಒಂದು ಹಸು ಎಂದರೆ ಇಡೀ ವರ್ಷದ ಜೀವನ ಎಂಬುದೂ ಅಷ್ಟೇ ನಿಜ. ಪರಿಹಾರ ಬೇಗ ಕೈಸೇರುವ ಊರಿನಲ್ಲಿ ವಿಷದ ಬಾಟಲಿಗೆ ಕೈಹಾಕುವವರು ಕಡಿಮೆಯಾಗುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಕಾಡಿನ ಜೊತೆ ಬಾಳುವವರನ್ನು ಪಾಲುದಾರರೆಂದು ಒಪ್ಪಿದ ಆ ಹೆಜ್ಜೆಯೇ ಮುಂದಿನ ದಾರಿ.

ಸರ್ಕಾರಕ್ಕೆ ಮಾಡಬಹುದಾದ ಮನವಿ ಒಂದಿದೆ. ಪ್ರತಿ ವರ್ಷ ನವೆಂಬರ್ 1ರಂದು ನಾಡಗೀತೆ, ಬಾವುಟ, ಪ್ರಶಸ್ತಿಗಳ ಜೊತೆಗೆ ರಾಜ್ಯದ ಪ್ರಾಣಿ, ಪಕ್ಷಿ, ಮರ, ಹೂ, ಚಿಟ್ಟೆ, ಮೀನುಗಳ ಸ್ಥಿತಿಗತಿಯ ವರದಿಯೊಂದನ್ನು ಕನ್ನಡದಲ್ಲಿ ಪ್ರಕಟಿಸಲಿ. ಎಷ್ಟು ಆನೆ ವಿದ್ಯುತ್ ತಗುಲಿ ಸತ್ತವು, ಎಷ್ಟು ಗಂಧದ ಮರ ಕಳುವಾದವು, ನೀಲಕಂಠ ಯಾವ ತಾಲ್ಲೂಕಿನಲ್ಲಿ ಕಡಿಮೆಯಾಯಿತು ಎಂಬುದು ಅದರಲ್ಲಿರಲಿ. ವರದಿಯ ಮೊದಲ ಪ್ರತಿಗಳು ಗುಂಡ್ಲುಪೇಟೆ, ಹನೂರು, ಚಾಮರಾಜನಗರ ತಾಲ್ಲೂಕುಗಳ ಕಾಡಂಚಿನ ಗ್ರಾಮ ಪಂಚಾಯಿತಿಗಳಿಗೆ ಹೋಗಲಿ. ಬೆಳೆ ಕಳೆದುಕೊಂಡವರಿಗೆ, ದನ ಕಳೆದುಕೊಂಡವರಿಗೆ ಕೊಡಬೇಕಾದ ಪರಿಹಾರದಲ್ಲಿ ಎಷ್ಟು ಬಾಕಿ ಉಳಿದಿದೆ ಎಂಬ ಲೆಕ್ಕಕ್ಕೂ ಅದರಲ್ಲಿ ಒಂದು ಪುಟ ಇರಲಿ.